ಆಟದ ಮೇಲಿನ ಅಂಕಿ ಹೇಳುವುದೇನು?

(ಪಾಲಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



'ನಮ್ಮ ಮಗುವಿಗೆ ಈ ವಿಡಿಯೊ ಗೇಮ್ ಕೊಡಬಹುದೇ?' ಸಭೆಗೆ ಮುಂಚೆ ನಿಮ್ಮಲ್ಲಿ ಹಲವರು ಕೇಳಿದ ಪ್ರಶ್ನೆ ಇದು. ಫೋನಿಗೆ ಆಟ ಇಳಿಸಿಕೊಳ್ಳುವಾಗ ಅದರ ಹೆಸರಿನ ಬಳಿ 3+, 7+, 12+, 16+, 18+ ಎಂಬ ಅಂಕಿಗಳಲ್ಲಿ ಒಂದು ಕಾಣುತ್ತದೆ. ಅದನ್ನು ನೋಡಿ 'ಹೂಂ' ಎನ್ನುವವರಿದ್ದಾರೆ; ನೋಡದೆಯೇ ಎನ್ನುವವರೂ ಇದ್ದಾರೆ. ಆ ಅಂಕಿ ಎಲ್ಲಿಂದ ಬಂತು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ನೋಡೋಣ.

ಕಥೆ ಶುರುವಾಗುವುದು ಅಮೆರಿಕದಲ್ಲಿ. 1992ರಲ್ಲಿ 'ಮಾರ್ಟಲ್ ಕಾಂಬ್ಯಾಟ್' ಎಂಬ ಕಾದಾಟದ ಆಟ ನಾಣ್ಯ ಹಾಕಿ ಆಡುವ ಯಂತ್ರಗಳಲ್ಲಿ ಬಂತು. ಅದರಲ್ಲಿ ಗೆದ್ದವನು ಸೋತವನ ಹೃದಯವನ್ನೇ ಕಿತ್ತು ಹಿಡಿಯಬಹುದಿತ್ತು. ಮರುವರ್ಷ ಅದು ಟಿ.ವಿ.ಗೆ ಜೋಡಿಸುವ ಯಂತ್ರಗಳ ಮೂಲಕ ಮನೆಯೊಳಗೆ ಕಾಲಿಟ್ಟಿತು. ನಿಂಟೆಂಡೊ ಕಂಪನಿ ರಕ್ತವನ್ನು ತೆಗೆದು ಬೆವರು ತೋರಿಸಿತು. ಸೆಗಾ ಯಂತ್ರದಲ್ಲಿ ಗುಟ್ಟಿನ ಗುಂಡಿಗಳನ್ನು ಒತ್ತಿದರೆ ರಕ್ತ ಹರಿಯುತ್ತಿತ್ತು. ಹೆಚ್ಚು ಮಾರಾಟವಾದದ್ದು ರಕ್ತದ್ದೇ.

1993ರ ಡಿಸೆಂಬರಿನಲ್ಲಿ ಸೆನೆಟರುಗಳಾದ ಜೋಸೆಫ್ ಲೀಬರ್‌ಮನ್ ಮತ್ತು ಹರ್ಬ್ ಕೋಲ್ ಈ ಬಗ್ಗೆ ವಿಚಾರಣೆ ನಡೆಸಿದರು. ಆಟಗಳನ್ನು ನೀವೇ ವರ್ಗೀಕರಿಸಿ, ಇಲ್ಲವಾದರೆ ಸರ್ಕಾರ ಕೈಹಾಕುತ್ತದೆ ಎಂಬ ಒತ್ತಡ ಉದ್ಯಮದ ಮೇಲೆ ಬಿತ್ತು. 1994ರಲ್ಲಿ ಉದ್ಯಮವೇ ಇಎಸ್‌ಆರ್‌ಬಿ ಎಂಬ ಮಂಡಳಿಯನ್ನು ಕಟ್ಟಿಕೊಂಡಿತು. ಯುರೋಪಿನಲ್ಲಿ 2003ರಲ್ಲಿ 'ಪೆಗಿ' ಬಂತು. 3, 7, 12, 16, 18 ಎಂಬುವು ಅದರ ಮೆಟ್ಟಿಲುಗಳು.

ಅಂಗಡಿಯಲ್ಲಿ ಡಬ್ಬದಲ್ಲಿ ಮಾರುವ ಆಟವಾದರೆ, ಕಂಪನಿಯು ಅತ್ಯಂತ ಕಟುವಾದ ದೃಶ್ಯಗಳನ್ನು ಇಎಸ್‌ಆರ್‌ಬಿಗೆ ಕಳಿಸಬೇಕು; ಪರಿಶೀಲಕರು ನೋಡಿ ದರ್ಜೆ ಕೊಡುತ್ತಾರೆ. ಫೋನಿನ ಆಟಗಳು ಲಕ್ಷಗಟ್ಟಲೆ. ಅವನ್ನು ಕೂತು ನೋಡುವವರು ಯಾರು? ತಯಾರಕ ಒಂದು ಪ್ರಶ್ನಾವಳಿ ತುಂಬುತ್ತಾನೆ, ಉತ್ತರಕ್ಕೆ ತಕ್ಕಂತೆ ಅಂಕಿ ಹೊರಬೀಳುತ್ತದೆ. ತಪ್ಪಿದ್ದರೆ ಆಮೇಲೆ ತಿದ್ದುತ್ತಾರೆ, ನಿಜ. ಆದರೆ ಮೊದಲ ಮಾತು ಮಾರುವವನದೇ. ಮಂಡಳಿಯೂ ಏಮಾರಿದ್ದುಂಟು. 2005ರಲ್ಲಿ ಹೆಸರುವಾಸಿ ಆಟವೊಂದರೊಳಗೆ ಅಡಗಿದ್ದ ಲೈಂಗಿಕ ದೃಶ್ಯ ಬಯಲಾದಾಗ ಅದರ ದರ್ಜೆಯನ್ನು 17ರಿಂದ 18ಕ್ಕೆ ಏರಿಸಬೇಕಾಯಿತು. 'ಮೈನ್‌ಕ್ರಾಫ್ಟ್' ಆಟಕ್ಕೆ ಯುರೋಪಿನಲ್ಲಿ 7, ಅಮೆರಿಕದಲ್ಲಿ 10. ಆಟ ಒಂದೇ, ಅಳೆಯುವ ಕೋಲು ಬೇರೆ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಈ ಅಂಕಿ ಬಹುಮಟ್ಟಿಗೆ ಹೇಳುವುದು ಆಟದಲ್ಲಿ ಏನಿಲ್ಲ ಎಂಬುದನ್ನು. ರಕ್ತವಿಲ್ಲ, ಕೆಟ್ಟ ಮಾತಿಲ್ಲ, ಭಯವಿಲ್ಲ ಎಂದು. ಚದುರಂಗಕ್ಕೂ 3 ಎಂದೇ ಇರಬಹುದು. ಹಾಗೆಂದು ಮೂರು ವರ್ಷದ ಮಗು ಚದುರಂಗ ಆಡೀತೇ? ಆಟದ ನಡುವೆ ಕಿವಿಗೆ ಬೀಳುವ ಅಪರಿಚಿತನ ದನಿ ಹೇಗಿರುತ್ತದೆ ಎಂಬುದನ್ನು ಯಾವ ಅಂಕಿಯೂ ಮುಂದಾಗಿ ಹೇಳಲಾರದು.

ಇದು ನನಗೆ ಅರ್ಥವಾದದ್ದು ಪೆಟ್ಟು ತಿಂದ ಮೇಲೆ. ನಮ್ಮ ಅಕ್ಕನ ಮೊಮ್ಮಗ, ಒಂಬತ್ತು ವರ್ಷದವನು, ಫುಟ್‌ಬಾಲ್ ಆಟವೊಂದನ್ನು ಕೇಳಿದ. 3+ ಎಂದಿತ್ತು. 'ಕೊಡಿ, ಏನೂ ಆಗಲ್ಲ' ಎಂದವನು ನಾನೇ. ಅದರಲ್ಲಿ ಆಟಗಾರರ ಚೀಟಿಗಳ ಕಟ್ಟನ್ನು ಹಣ ಕೊಟ್ಟು ಒಡೆಯಬೇಕು. ಒಳಗೆ ಯಾರಿದ್ದಾರೋ ಅದೃಷ್ಟ. ಎರಡು ತಿಂಗಳಲ್ಲಿ ಅವರಪ್ಪನ ಖಾತೆಯಿಂದ ಹಣ ಸೋರಿತ್ತು. ಹಣ ಹೋದದ್ದು ದೊಡ್ಡದಲ್ಲ. ಬೈಸಿಕೊಳ್ಳುವ ಭಯಕ್ಕೆ ಆ ಹುಡುಗ ಅಷ್ಟು ದಿನ ನಮ್ಮಿಂದ ಮುಚ್ಚಿಟ್ಟಿದ್ದ. ಅದು ಇಂದಿಗೂ ಚುಚ್ಚುತ್ತದೆ.

ಹಾಗಾದರೆ ಅಂಕಿ ಬೇಡವೇ? ಬೇಕು. 16 ಎಂದಿದ್ದನ್ನು ಎಂಟು ವರ್ಷದ ಮಗುವಿಗೆ ಕೊಡಬೇಡಿ. ಆದರೆ ಅಂಕಿಯ ಜೊತೆಗಿರುವ ಸಣ್ಣ ಅಕ್ಷರದ ಸಾಲನ್ನೂ ಓದಿ. ಆಟದೊಳಗೆ ಖರೀದಿ ಇದೆ, ಇತರರೊಡನೆ ಮಾತುಕತೆ ಇದೆ ಎಂಬ ಸೂಚನೆ ಬಹುಪಾಲು ಅಲ್ಲೇ ಇರುತ್ತದೆ. ಏಳೆಂಟರ ಮಗುವಿಗೆ ಪರದೆಯ ರತ್ನಕ್ಕೂ ಮನೆಯ ಹಣಕ್ಕೂ ಇರುವ ನಂಟು ತಿಳಿಯದು. ಖರೀದಿಗೆ ಬೀಗ ಹಾಕಿ. ಹನ್ನೆರಡರ ಮಗುವಿಗೆ ಗೆಳೆಯರ ಒತ್ತಾಸೆ ದೊಡ್ಡದು. ಯಾರೊಡನೆ ಆಡುತ್ತಿದೆ ಎಂದು ತಿಳಿದಿರಲಿ. ಹದಿನಾರರವರಿಗೆ ನಿಷೇಧಕ್ಕಿಂತ ಚರ್ಚೆ ನಾಟುತ್ತದೆ.

ಎಲ್ಲಕ್ಕೂ ಮೊದಲು, ಆಟ ಕೊಟ್ಟ ದಿನ ಅರ್ಧ ಗಂಟೆ ಮಗುವಿನ ಪಕ್ಕ ಕುಳಿತು, 'ನನಗೂ ಹೇಳಿಕೊಡೋ' ಎನ್ನಿ. ನೀವು ಸೋಲುತ್ತೀರಿ, ಮಗು ನಗುತ್ತದೆ. ನಾಳೆ ಆಟದಲ್ಲಿ ಏನಾದರೂ ಎಡವಟ್ಟಾದರೆ ಅದು ಮೊದಲು ಬಂದು ಹೇಳುವುದು ನಿಮಗೇ.