ಚಿನ್ನದ ಕಸ, ಜಲಗಾರನ ಪಾಲು



ಅಕ್ಕನ ಚಿನ್ನವಾದರೂ ಅಕ್ಕಸಾಲಿಗ ಗುಂಜಿಯಷ್ಟು ಕದಿಯದೆ ಬಿಡ ಎಂಬ ಗಾದೆ ಕನ್ನಡದಲ್ಲಿ ಹಳೆಯದು. ಒಂದಿಡೀ ಕಸುಬಿನವರ ಮೇಲೆ ಹೊರಿಸಿದ ಈ ಅಪವಾದ ನ್ಯಾಯವಾದುದಲ್ಲ. ಆದರೆ ಗಾದೆಯ ಹಿಂದಿನ ಅನುಭವ ಮಾತ್ರ ಪೂರ್ತಿ ಸುಳ್ಳಲ್ಲ. ಹತ್ತು ಗ್ರಾಂ ಚಿನ್ನ ಕೊಟ್ಟವರ ಕೈಗೆ ಹತ್ತು ಗ್ರಾಂ ಒಡವೆ ಮರಳಿ ಬರುವುದಿಲ್ಲ. ಕರಗಿಸುವಾಗ, ತಂತಿ ಎಳೆಯುವಾಗ, ಅರದಿಂದ ಉಜ್ಜುವಾಗ, ಹೊಳಪು ಕೊಡುವಾಗ ಒಂದಿಷ್ಟು ಕಡಿಮೆಯಾಗುತ್ತದೆ. ಕಡಿಮೆಯಾದದ್ದು ಎಲ್ಲಿಗೆ ಹೋಯಿತು, ಯಾರ ಪಾಲಾಯಿತು? ಇಂದಿನ ಮಾತು ಇಷ್ಟರ ಬಗ್ಗೆಯೇ.

ಚಿನ್ನಕ್ಕೆ ತುಕ್ಕಿಲ್ಲ, ಕೊಳೆತವಿಲ್ಲ. ಅದು ನೀರಿನಲ್ಲಿ ಕರಗದು, ಬೆಂಕಿಯಲ್ಲಿ ಉರಿದು ಬೂದಿಯಾಗದು. 1064 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನೀರಾದರೂ ತಣಿದ ಮೇಲೆ ಮತ್ತೆ ಅದೇ ಚಿನ್ನ. ಹೀಗಾಗಿ ಚಿನ್ನ ಕಳೆದುಹೋಯಿತು ಎಂಬ ಮಾತಿಗೆ ಬಹುಮಟ್ಟಿಗೆ ಒಂದೇ ಅರ್ಥ: ಅದು ಬೇರೆ ಕಡೆ ಇದೆ. ಅಕ್ಕಸಾಲಿಗರ ಕೆಲಸದ ಕೋಣೆಯಲ್ಲಿ ಆ ಬೇರೆ ಕಡೆ ಎಂದರೆ ಪೊರಕೆಯ ಕಡ್ಡಿ, ಕೂರುವ ಚಾಪೆ, ನೆಲದ ಬಿರುಕು, ಒಡೆದ ಮೂಸೆ, ಅಗ್ಗಿಷ್ಟಿಕೆಯ ಬೂದಿ, ಕೈ ತೊಳೆದ ನೀರು, ಮೈಮೇಲಿನ ಅಂಗಿ.

ಕಸುಬು ಬಲ್ಲವರು ಇದರಲ್ಲಿ ಯಾವುದನ್ನೂ ಎಸೆಯುವುದಿಲ್ಲ. ಬೆಂಗಳೂರಿನ ನಗರ್ತಪೇಟೆಯಂಥ ಕಡೆ ಚಿನ್ನದ ಕೆಲಸದ ಕೋಣೆಗಳ ದೂಳಿಗೂ ಬೆಲೆಯಿದೆ. ಕೈ ತೊಳೆದ ನೀರನ್ನು ಮೋರಿಗೆ ಚೆಲ್ಲದೆ ತೊಟ್ಟಿಯಲ್ಲಿ ನಿಲ್ಲಿಸಿ, ತಳದ ಗಸಿಯನ್ನು ಕೂಡಿಡುತ್ತಾರೆ. ಹಳೆಯ ಚಾಪೆ, ಬಟ್ಟೆ, ಪೊರಕೆಗಳನ್ನು ಸುಟ್ಟು ಬೂದಿ ಕಾಪಿಡುತ್ತಾರೆ. ಕೆಲಸದ ಕೋಣೆ ಖಾಲಿ ಮಾಡುವಾಗ ನೆಲವನ್ನೇ ಕೆರೆದು ಒಯ್ಯುವುದೂ ಉಂಟು.

ಈ ಎಚ್ಚರ ಇಂದಿನದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಚಿನ್ನದ ಕೆಲಸ ನಡೆಯುವ ಸರ್ಕಾರಿ ಕಾರ್ಖಾನೆಗೆ ‘ಅಕ್ಷಶಾಲೆ’ ಎಂಬ ಹೆಸರಿದೆ. ಕನ್ನಡದ ‘ಅಕ್ಕಸಾಲೆ’ ಎಂಬ ಮಾತಿನ ಮೂಲವೂ ಇದೇ. ಒಳಗೆ ಹೋಗುವ, ಹೊರಗೆ ಬರುವ ಕೆಲಸಗಾರರ ಬಟ್ಟೆಬರೆ, ಕೈ, ಮೈ ಎಲ್ಲವನ್ನೂ ತಪಾಸಣೆ ಮಾಡಬೇಕೆಂದು ಅಲ್ಲಿ ಕಟ್ಟಳೆಯಿದೆ. ತಕ್ಕಡಿಯ ಮೋಸದಿಂದ ಹಿಡಿದು ಚಿನ್ನ ಲಪಟಾಯಿಸುವ ಐದು ಬಗೆಗಳನ್ನೂ ಕೌಟಿಲ್ಯ ಎಣಿಸಿದ್ದಾನೆ. ರಾಜ್ಯದ ಕಣ್ಣು ಯಾವಾಗಲೂ ಕಣದ ಮೇಲಿತ್ತು, ಕಣ ಹಿಡಿದ ಕೈಯ ಮೇಲೆ ಅನುಮಾನವಿತ್ತು.

ಕಸದಿಂದ ಕಣ ತೆಗೆಯುವವನಿಗೆ ಕನ್ನಡದಲ್ಲಿ ಒಂದು ಹೆಸರಿದೆ: ಜಲಗಾರ. ಕುವೆಂಪು ಅವರ ‘ಜಲಗಾರ’ ನಾಟಕ ಓದಿದವರಿಗೆ ಈ ಮಾತು ಕೇಳಿದೊಡನೆ ಬೀದಿ ಗುಡಿಸುವವನು ನೆನಪಾಗುತ್ತಾನೆ. ಮರಳು, ಮಣ್ಣು ತೊಳೆದು ಲೋಹದ ಕಣ ಬೇರ್ಪಡಿಸುವವನು ಎಂಬ ಅರ್ಥವೂ ಆ ಪದಕ್ಕಿದೆ. ಈಗಿನ ಗದಗ ಜಿಲ್ಲೆಯ ಕಪ್ಪತಗುಡ್ಡದ ಸುತ್ತಿನ ಹಳ್ಳಗಳಲ್ಲಿ ಜಲಗಾರರು 19ನೇ ಶತಮಾನದಲ್ಲೂ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಆ ಗುಡ್ಡಗಳ ಚಿನ್ನದ ಬಗ್ಗೆ 1874ರಲ್ಲಿ ಬರೆದ. ಹಳ್ಳದ ಮರಳಿಗೂ ಅಕ್ಕಸಾಲಿಗರ ಮನೆಯ ಕಸಕ್ಕೂ ವಿದ್ಯೆ ಒಂದೇ. ಗುಜರಾತ್, ಮುಂಬೈ ಕಡೆ ಈ ಕೆಲಸದವರನ್ನು ‘ಧೂಲ್‌ಧೋಯಾ’ ಅಂದರೆ ದೂಳು ತೊಳೆಯುವವರು ಎನ್ನುತ್ತಾರೆ. ಉತ್ತರ ಭಾರತದಲ್ಲಿ ಅವರು ‘ನಿಯಾರಿಯಾ’.

ವಿದ್ಯೆಯ ಗುಟ್ಟು ತೂಕದಲ್ಲಿದೆ. ಒಂದು ಲೋಟ ನೀರಿಗಿಂತ ಅಷ್ಟೇ ಗಾತ್ರದ ಮರಳು ಸುಮಾರು ಎರಡೂವರೆ ಪಟ್ಟು ಭಾರ. ಚಿನ್ನವಾದರೆ 19 ಪಟ್ಟಿಗೂ ಹೆಚ್ಚು. ಕಸವನ್ನು ಮೊದಲು ಸುಡುತ್ತಾರೆ, ಬೂದಿಯನ್ನು ಅರೆದು ಜರಡಿ ಹಿಡಿಯುತ್ತಾರೆ. ಅರದ ಕಬ್ಬಿಣದ ಪುಡಿಯನ್ನು ಅಯಸ್ಕಾಂತ ಎಳೆದುಕೊಳ್ಳುತ್ತದೆ. ಉಳಿದುದನ್ನು ಮರಿಗೆಯಲ್ಲಿ ಹಾಕಿ ನೀರು ಬೆರೆಸಿ ತಿರುಗಿಸಿ ತಿರುಗಿಸಿ ಚೆಲ್ಲಿದರೆ ಹಗುರವಾದದ್ದು ಹರಿದುಹೋಗಿ ಭಾರವಾದದ್ದು ತಳದಲ್ಲಿ ನಿಲ್ಲುತ್ತದೆ. ಆಮೇಲೆ ಪಾದರಸದ ಸರದಿ. ಅದು ಕಣ್ಣಿಗೆ ಕಾಣದ ಚಿನ್ನದ ಕಣಗಳನ್ನೂ ತನ್ನೊಳಗೆ ಸೆಳೆದುಕೊಳ್ಳುತ್ತದೆ. ಬಟ್ಟೆಯಲ್ಲಿ ಹಿಂಡಿದಾಗ ಉಳಿಯುವ ಗಟ್ಟಿ ಉಂಡೆಯನ್ನು ಬೆಂಕಿಯ ಮೇಲಿಟ್ಟರೆ ಪಾದರಸ ಹಾರಿ ಚಿನ್ನ ಉಳಿಯುತ್ತದೆ.

ಉಳಿದ ಚಿನ್ನ ಇನ್ನೂ ಶುದ್ಧವಲ್ಲ. ಅದರಲ್ಲಿ ಬೆಳ್ಳಿ, ತಾಮ್ರ ಬೆರೆತಿರುತ್ತವೆ. ನೈಟ್ರಿಕ್ ಆಮ್ಲ ಬೆಳ್ಳಿ, ತಾಮ್ರಗಳನ್ನು ಕರಗಿಸುತ್ತದೆ, ಚಿನ್ನವನ್ನು ಮುಟ್ಟುವುದಿಲ್ಲ. ಆದರೆ ಮಿಶ್ರಣದಲ್ಲಿ ಚಿನ್ನವೇ ಹೆಚ್ಚಿದ್ದರೆ ಆಮ್ಲ ಒಳಗೆ ಇಳಿಯದು. ಅದಕ್ಕೆಂದೇ ಮೊದಲು ಬೆಳ್ಳಿ ಸೇರಿಸಿ ಕರಗಿಸಿ, ಚಿನ್ನವನ್ನು ಸುಮಾರು ಕಾಲು ಪಾಲಿಗೆ ಇಳಿಸುವ ಪದ್ಧತಿಯಿದೆ. ಚಿನ್ನವನ್ನು ಶುದ್ಧಿ ಮಾಡಲು ಅದಕ್ಕೆ ಇನ್ನೊಂದು ಲೋಹ ಬೆರೆಸುವುದು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಕರಗಿದ ಬೆಳ್ಳಿಯೂ ನಷ್ಟವಲ್ಲ. ಆ ದ್ರಾವಣದಲ್ಲಿ ತಾಮ್ರದ ತಗಡು ಇಳಿಬಿಟ್ಟರೆ ಬೆಳ್ಳಿ ಪುಡಿಯಾಗಿ ಕೆಳಗಿಳಿಯುತ್ತದೆ. ಇನ್ನೊಂದು ದಾರಿಯಲ್ಲಿ ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್ ಆಮ್ಲ ಬೆರೆಸಿ ಚಿನ್ನವನ್ನೇ ಕರಗಿಸುತ್ತಾರೆ. ಹಾಗೆ ಕರಗಿದ ಚಿನ್ನವನ್ನು ಮರಳಿ ಕೆಳಗಿಳಿಸಲು ಅಂಗಡಿಯಲ್ಲಿ ಸಿಗುವ ಅನ್ನಭೇದಿ ಸಾಕು.

ಈ ಜಾಣ್ಮೆಯನ್ನು ಮೆಚ್ಚುವಾಗಲೇ ಇನ್ನೊಂದು ಮಾತನ್ನೂ ಹೇಳಬೇಕು. ಹಾರಿಹೋದ ಪಾದರಸ ಎಲ್ಲಿ ಹೋಯಿತು? ಕಿಟಕಿಯಿಲ್ಲದ ಕೋಣೆಯಲ್ಲಿ ಅದು ಹೋಗುವುದು ಉಸಿರಿಗೆ. ಅದರ ಆವಿ ನರಮಂಡಲವನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ, ಕೈ ನಡುಗುವಂತೆ ಮಾಡುತ್ತದೆ. ನೈಟ್ರಿಕ್ ಆಮ್ಲದಿಂದ ಏಳುವ ಕಂದು ಹೊಗೆ ಶ್ವಾಸಕೋಶವನ್ನು ಸುಡುತ್ತದೆ. ಉಳಿದ ಆಮ್ಲ ಮೋರಿ ಸೇರುತ್ತದೆ. ಪಾದರಸದ ಬಳಕೆ ತಗ್ಗಿಸಲು 2013ರಲ್ಲಿ ಆದ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ. ಒಪ್ಪಂದದ ಸುದ್ದಿ ಗಲ್ಲಿಯ ಒಳಕೋಣೆಯವರೆಗೆ ಹೋಗುವುದು ಸುಲಭವಲ್ಲ.

ಇನ್ನು ಗಿರಾಕಿಯ ಲೆಕ್ಕಕ್ಕೆ ಬರೋಣ. ಒಡವೆ ಕೊಳ್ಳುವಾಗ ಬಿಲ್ಲಿನಲ್ಲಿ ‘ವೇಸ್ಟೇಜ್’ ಎಂಬ ಬಾಬತ್ತು ಇರುತ್ತದೆ. 40 ಗ್ರಾಂ ಸರಕ್ಕೆ ನೂರಕ್ಕೆ ಹತ್ತರಂತೆ ಹಾಕಿದರೆ ನಾಲ್ಕು ಗ್ರಾಂ ಚಿನ್ನದ ಬೆಲೆ ಗಿರಾಕಿಯ ತಲೆಯ ಮೇಲೆ. ಕೆಲಸದಲ್ಲಿ ನಿಜವಾಗಿ ಉದುರಿದ ಚಿನ್ನದ ಬಹುಪಾಲು ಕಸದಲ್ಲಿ ಸಿಕ್ಕಿ ಮತ್ತೆ ಗಟ್ಟಿಯಾಗುತ್ತದೆ. ಹಾಗೆಂದು ವೇಸ್ಟೇಜ್ ಪೂರ್ತಿ ಮೋಸವೆನ್ನಲಾಗದು. ಕಸದಿಂದ ತೆಗೆಯುವುದಕ್ಕೂ ಖರ್ಚಿದೆ, ಸೂಕ್ಷ್ಮ ಕುಸುರಿಗೆ ಶ್ರಮ ಹೆಚ್ಚು. ಆದರೆ ಈಗ ಆ ಹೆಸರಿನಲ್ಲಿ ಕೊಡುವ ಹಣ ಬಹುಮಟ್ಟಿಗೆ ಕೂಲಿ ಮತ್ತು ಅಂಗಡಿಯ ಲಾಭ. ಹಾಗಿದ್ದರೆ ಅದನ್ನು ಆ ಹೆಸರಿನಿಂದಲೇ ಕರೆಯುವುದು ಒಳ್ಳೆಯದು. ಹಳೆಯ ಒಡವೆ ಮಾರುವಾಗ ಈ ವೇಸ್ಟೇಜ್, ಕೂಲಿ ಯಾವುದೂ ಹಿಂದಕ್ಕೆ ಬರುವುದಿಲ್ಲ. ಒಡವೆಯನ್ನು ಹೂಡಿಕೆ ಎಂದುಕೊಂಡವರು ನೆನಪಿಡಬೇಕಾದ ಮೊದಲ ಸಂಗತಿ ಇದು.

ಎರಡನೆಯದು ಪರೀಕ್ಷೆ. 22 ಕ್ಯಾರಟ್ ಎಂದರೆ ಸಾವಿರಕ್ಕೆ 916 ಪಾಲು ಚಿನ್ನ. ಒರೆಗಲ್ಲಿನ ಮೇಲಿನ ಗೆರೆ ಅನುಭವಿಗೆ ಬಹಳಷ್ಟು ಹೇಳುತ್ತದೆ, ಆದರೆ ಗಿರಾಕಿಗೆ ಆ ಗೆರೆ ಓದಲು ಬಾರದು. 2021ರ ಜೂನ್‌ನಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. 2023ರ ಏಪ್ರಿಲ್‌ನಿಂದ ಪ್ರತಿ ಒಡವೆಗೂ ಆರು ಅಕ್ಷರ-ಅಂಕಿಗಳ ಗುರುತು ಇರಬೇಕು. ಅದಕ್ಕೂ ಹಿಂದಿನ ಅಜ್ಜಿಯ ಕಾಲದ ಒಡವೆಯನ್ನು ಮಾರುವ ಮುನ್ನ ಹಾಲ್‌ಮಾರ್ಕ್ ಕೇಂದ್ರದಲ್ಲಿ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಬಹುದು. ಕಲ್ಲು, ಅರಗುಗಳ ತೂಕವನ್ನು ಬೇರೆ ತೆಗೆದು ಲೆಕ್ಕ ಕೇಳುವುದು ಗಿರಾಕಿಯ ಹಕ್ಕು. 2021ರಲ್ಲಿ ಭಾರತದಲ್ಲಿ 75 ಟನ್ ಹಳೆಯ ಚಿನ್ನ ಮರುಬಳಕೆಯಾಯಿತೆಂದು ವಿಶ್ವ ಚಿನ್ನ ಮಂಡಳಿ ಹೇಳಿದೆ. ಅಂದರೆ ಇದು ಅಷ್ಟಿಷ್ಟು ವ್ಯಾಪಾರವಲ್ಲ.

ಮನೆಯ ಬೀರುವಿನಲ್ಲೂ ಇಂಥ ಕಸ ಇದೆ. ಮೈಸೂರು ಸಿಲ್ಕ್ ಸೀರೆಯ ಅಸಲಿ ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ, 0.65 ಪಾಲು ಚಿನ್ನ. ಸೀರೆ ಹರಿದರೂ ಅಂಚು, ಸೆರಗು ಬೆಲೆಯುಳ್ಳವು. ಹಳೆಯ ಜರಿ ಕೊಳ್ಳುತ್ತೇವೆಂದು ಬೀದಿಯಲ್ಲಿ ಕೂಗುವವರು ಅದನ್ನು ಸುಟ್ಟು ಬೆಳ್ಳಿ ತೆಗೆಯಲೆಂದೇ ಒಯ್ಯುತ್ತಾರೆ. ಆದರೆ ತಾಮ್ರದ ಎಳೆಯ ಜರಿ, ಪ್ಲಾಸ್ಟಿಕ್ ಜರಿ ಈಗ ಹೆಚ್ಚಾಗಿರುವುದರಿಂದ ಎಲ್ಲ ಮಿನುಗೂ ಬೆಳ್ಳಿಯಲ್ಲ. ಆಸ್ಪತ್ರೆಗಳ ಹಳೆಯ ಎಕ್ಸ್‌ರೇ ಫಿಲ್ಮ್‌ಗಳಲ್ಲೂ ಬೆಳ್ಳಿಯ ಲೇಪವಿತ್ತು. ಕಂಪ್ಯೂಟರ್ ಪರದೆಯ ಮೇಲೆ ಎಕ್ಸ್‌ರೇ ನೋಡುವ ಕಾಲ ಬಂದ ಮೇಲೆ ಆ ಮೂಲ ಬತ್ತುತ್ತಿದೆ.

ಮನೆಯ ಕಸದಿಂದ ಊರಿನ ಕಸಕ್ಕೆ ಹೋದರೆ ಕೋಲಾರದ ಚಿನ್ನದ ಗಣಿ ಕಾಣುತ್ತದೆ. 1880ರಿಂದ ಜಾನ್ ಟೇಲರ್ ಕಂಪನಿಯ ಕೈಯಲ್ಲಿ ಬೆಳೆದ ಕೆ.ಜಿ.ಎಫ್. ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಅಷ್ಟರಲ್ಲಿ ಅಲ್ಲಿಂದ 800 ಟನ್‌ಗೂ ಹೆಚ್ಚು ಚಿನ್ನ ಹೊರಬಂದಿತ್ತು. ಚಿನ್ನ ತೆಗೆದ ಅದಿರಿನ ಪುಡಿ ಅಲ್ಲೇ ಉಳಿದು ಗುಡ್ಡಗಳಾಗಿ ನಿಂತಿದೆ. ಊರಿನವರು ಅವನ್ನು ಸೈನೈಡ್ ಗುಡ್ಡ ಎನ್ನುತ್ತಾರೆ. ಗಾಳಿ ಬೀಸುವ ತಿಂಗಳಲ್ಲಿ ಆ ದೂಳು ಮನೆಗಳೊಳಗೆ ನುಗ್ಗುತ್ತದೆ. ಸುಮಾರು 3.3 ಕೋಟಿ ಟನ್‌ನಷ್ಟಿರುವ ಈ ಪುಡಿಯಲ್ಲಿ ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ ಚಿನ್ನ ಉಳಿದಿದೆ. 13 ಗುಡ್ಡಗಳಿಂದ ಅದನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಚಿನ್ನದ ಬೆಲೆ ಏರಿದಂತೆ ಕಸ ಮತ್ತೆ ಅದಿರಾಗುತ್ತದೆ. ಇಷ್ಟು ವರ್ಷ ದೂಳು ಉಂಡವರಿಗೆ ಏನು ಸಿಕ್ಕೀತು ಎಂಬುದು ಬೇರೆ ಪ್ರಶ್ನೆ.

ಹೊಸ ಅದಿರು ಎಲ್ಲರ ಜೇಬಿನಲ್ಲಿದೆ. ಮೊಬೈಲಿನ ಸರ್ಕ್ಯೂಟ್ ಬೋರ್ಡ್‌ನಲ್ಲಿ ಚಿನ್ನ ಬಳಸುವುದು ಸೊಗಸಿಗಲ್ಲ. ತುಕ್ಕು ಹಿಡಿಯದೆ ವಿದ್ಯುತ್ತನ್ನು ಚೆನ್ನಾಗಿ ಹಾಯಿಸುತ್ತದೆ ಎಂಬ ಕಾರಣಕ್ಕೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಪದಕಗಳಿಗಾಗಿ ಜಪಾನಿನ ಜನ ಸುಮಾರು 79 ಸಾವಿರ ಟನ್ ಹಳೆಯ ವಿದ್ಯುನ್ಮಾನ ಸಾಮಾನು ಕೊಟ್ಟರು. ಅದರಲ್ಲಿ 62 ಲಕ್ಷದಷ್ಟು ಮೊಬೈಲ್‌ಗಳಿದ್ದವು. ಸಿಕ್ಕ ಚಿನ್ನ ಸುಮಾರು 32 ಕಿಲೊ. ವಿಂಗಡಿಸದ ರಾಶಿಯಲ್ಲಿ ಚಿನ್ನ ಎಷ್ಟು ವಿರಳ ಎಂಬುದಕ್ಕೆ ಈ ಲೆಕ್ಕವೇ ಸಾಕ್ಷಿ. ಬೋರ್ಡ್‌ಗಳನ್ನಷ್ಟೇ ಬೇರೆ ತೆಗೆದರೆ ಟನ್ನಿಗೆ ನೂರು ಗ್ರಾಮಿಗೂ ಹೆಚ್ಚು ಚಿನ್ನ ಸಿಗುವುದುಂಟು. ವಿಂಗಡಣೆಯೇ ಇಲ್ಲಿ ಅರ್ಧ ವಿದ್ಯೆ. ಅದು ಕೈಕೆಲಸ.

2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ಕಸ ಬಂದಿತ್ತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾದದ್ದು ನಾಲ್ಕನೇ ಒಂದು ಪಾಲಿಗೂ ಕಡಿಮೆ. ಉಳಿದುದರಲ್ಲಿ ಒಂದು ಭಾಗ ಉತ್ತರ ಪ್ರದೇಶದ ಮುರಾದಾಬಾದಿನಂಥ ಕಡೆ ಬೋರ್ಡ್ ಸುಟ್ಟು, ಆಮ್ಲದಲ್ಲಿ ಅದ್ದಿ ಲೋಹ ತೆಗೆಯುವ ಕೈಗಳಿಗೆ ಹೋಯಿತು. ಬೆಂಗಳೂರು ಈ ವಿಷಯದಲ್ಲಿ ಬೇಗ ಎಚ್ಚೆತ್ತ ಊರು. ದೇಶದಲ್ಲಿ ಸರ್ಕಾರದ ಅನುಮತಿ ಪಡೆದ ಮೊದಲ ಇ-ತ್ಯಾಜ್ಯ ಘಟಕ ಶುರುವಾದದ್ದು ಇಲ್ಲಿಗೆ ಹತ್ತಿರದ ದಾಬಸ್‌ಪೇಟೆಯಲ್ಲಿ, 2005ರಲ್ಲಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಹೊಸ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಈ ಕೆಲಸದವರನ್ನು ಗುರುತಿಸಿ ನೋಂದಾಯಿಸಿ, ತರಬೇತಿ ಕೊಟ್ಟು, ಅವರ ಆರೋಗ್ಯ ಕಾಯಬೇಕೆಂದು ರಾಜ್ಯಗಳಿಗೂ ಹೇಳಿವೆ.

ಕಾಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಡ. 2025ರ ಮೇ ತಿಂಗಳಲ್ಲಿ ಜೈಪುರದ ಸೀತಾಪುರ ಕೈಗಾರಿಕಾ ಪ್ರದೇಶದ ಆಭರಣ ಘಟಕವೊಂದರಲ್ಲಿ ಕೊಳಚೆ ತೊಟ್ಟಿಯ ಕೆಸರಿನಲ್ಲಿ ಸೇರಿದ ಚಿನ್ನ-ಬೆಳ್ಳಿಯ ಕಣ ತೆಗೆಯಲು ಕಾರ್ಮಿಕರನ್ನು ಇಳಿಸಲಾಯಿತು. ವಿಷಾನಿಲ ತಗುಲಿ ನಾಲ್ವರು ಸತ್ತರು. ರಕ್ಷಣೆಯಿಲ್ಲದೆ ಮನುಷ್ಯರನ್ನು ಇಂಥ ತೊಟ್ಟಿಗೆ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಕೆಸರಿನಲ್ಲಿ ಎಷ್ಟು ಮಿಲಿಗ್ರಾಂ ಇದೆ ಎಂಬ ಲೆಕ್ಕ ಗೊತ್ತಿದ್ದ ಕಡೆ ಉಸಿರಾಡಲು ಗಾಳಿ ಎಷ್ಟಿದೆ ಎಂಬ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ.

ಜಲಗಾರನ ವಿದ್ಯೆ ಹೋಗಬೇಕಾಗಿಲ್ಲ. ನೆಲ ಅಗೆಯದೆ ಚಿನ್ನ ಕೊಡುವ ವಿದ್ಯೆ ಅದು, ಉಳಿಯಬೇಕಾದದ್ದೇ. ಹೋಗಬೇಕಾದದ್ದು ಮುಚ್ಚಿದ ಕೋಣೆ, ಬರಿಗೈಯಲ್ಲಿ ಹಿಂಡುವ ಪಾದರಸ, ಮೋರಿಗೆ ಬೀಳುವ ಆಮ್ಲ. ಹೊಗೆ ಹೀರುವ ಗೂಡು, ಪಾದರಸದ ಆವಿಯನ್ನು ಮರಳಿ ಹಿಡಿಯುವ ಮುಚ್ಚಿದ ಪಾತ್ರೆ, ಹಲವು ಅಂಗಡಿಗಳಿಗೆ ಸೇರಿ ಒಂದು ಶುದ್ಧೀಕರಣ ಕೇಂದ್ರ ಇವೆಲ್ಲ ಅಸಾಧ್ಯದ ಮಾತಲ್ಲ. ಗಿರಾಕಿಯೂ ಅಷ್ಟೇ: ಹಾಳಾದ ಮೊಬೈಲನ್ನು ನೋಂದಾಯಿತ ಕೇಂದ್ರಕ್ಕೆ ಕೊಡಬಹುದು, ವೇಸ್ಟೇಜ್ ಎಂದರೇನೆಂದು ಅಂಗಡಿಯಲ್ಲಿ ಕೇಳಬಹುದು. ವೇಸ್ಟೇಜ್ ಎಂದು ಗಿರಾಕಿ ಕೊಡುವ ದುಡ್ಡಿನಲ್ಲಿ ಆ ಕಸ ತೊಳೆಯುವವನ ಕೈಗವಸಿಗೂ ಒಂದು ಪಾಲು ಇರಬೇಕು. ಗುಂಜಿ ತೂಕವನ್ನೂ ಬಿಡದೆ ಲೆಕ್ಕ ಹಾಕುವ ಕಸುಬಿಗೆ ಇದು ಕಷ್ಟದ ಲೆಕ್ಕವೇನಲ್ಲ.