ಡಯಾಲಿಸಿಸ್ ದ್ರಾವಣವೂ ರಕ್ತನಾಳದ ಸುಣ್ಣವೂ



ಬೋರ್‌ವೆಲ್ ನೀರು ಕಾಯಿಸುವ ಹಂಡೆಯೊಳಗೆ ಕಟ್ಟುವ ಬಿಳಿ ಪದರವನ್ನು ಉಜ್ಜಿ ಉಜ್ಜಿ ನಮಗೆಲ್ಲ ಸಾಕಾಗಿದೆ. ಕಿಡ್ನಿ ಕೆಟ್ಟವರ ರಕ್ತನಾಳ, ಹೃದಯದ ಕವಾಟಗಳಲ್ಲೂ ಕ್ಯಾಲ್ಸಿಯಂ, ಫಾಸ್ಫರಸ್ ಸೇರಿ ಸುಣ್ಣದ ಹಾಗೆ ಕೂರುತ್ತದೆ. ಹಂಡೆಗಾದರೆ ಹುಣಸೆಹಣ್ಣು ಇದೆ. ನಾಳವನ್ನು ಉಜ್ಜೋಕಾಗಲ್ಲ.

ನಮ್ಮ ಸಂಘದ ಸದಸ್ಯೆಯೊಬ್ಬರು ಡಯಾಲಿಸಿಸ್ ಮಾಡಿಸುವ ಗಂಡನಿಗೆ ಅಂಗಡಿಯಿಂದ ತಾವೇ ಕ್ಯಾಲ್ಸಿಯಂ ಮಾತ್ರೆ ತಂದು ಕೊಡುತ್ತಿದ್ದರು. "ಮೂಳೆಗೆ ಒಳ್ಳೇದಲ್ವಾ ಸಿಸ್ಟರ್?" ಎಂದರು. ಡಾಕ್ಟರು ಊಟದ ಜೊತೆ ನುಂಗಲು ಬರೆದ ಮಾತ್ರೆಯಲ್ಲೂ ಕ್ಯಾಲ್ಸಿಯಂ ಇತ್ತು. ಅದು ಊಟದ ಫಾಸ್ಫರಸ್ಸನ್ನು ಹೊಟ್ಟೆಯಲ್ಲೇ ಹಿಡಿಯಲಿಕ್ಕೆ. ಮೂರನೆಯದು ಮಿಷನ್ನಿನ ದ್ರಾವಣ. ಅದು ಯಾರ ಲೆಕ್ಕದಲ್ಲೂ ಇರಲಿಲ್ಲ.

ನಾಲ್ಕು ಗಂಟೆಯ ಡಯಾಲಿಸಿಸ್‌ನಲ್ಲಿ ಸುಮಾರು 120 ಲೀಟರ್ ದ್ರಾವಣ ಹರಿಯುತ್ತದೆ. ಅದರಲ್ಲಿ ಲೀಟರಿಗೆ 1.25, 1.5 ಅಥವಾ 1.75 ಮಿಲಿಮೋಲ್ ಕ್ಯಾಲ್ಸಿಯಂ ಇರುತ್ತದೆ. ಕೆಲವು ಕ್ಯಾನುಗಳ ಮೇಲೆ ಇದನ್ನೇ 2.5, 3, 3.5 ಎಂದು ಬರೆದಿರುತ್ತಾರೆ. 1.75 ಇದ್ದರೆ ದ್ರಾವಣದಿಂದಲೇ ಕ್ಯಾಲ್ಸಿಯಂ ರಕ್ತಕ್ಕೆ ಹೋಗುತ್ತದೆ. 2017ರ ಕೆಡಿಗೊ ಅಂತರರಾಷ್ಟ್ರೀಯ ಮಾರ್ಗಸೂಚಿಯ ಸಲಹೆ 1.25ರಿಂದ 1.5. ಹಾಗಂತ ತೀರಾ ಕಡಿಮೆಯಾದರೂ ಕಷ್ಟವೇ: ಬಿಪಿ ಇಳಿಯಬಹುದು, ಹೃದಯದ ಬಡಿತ ತಪ್ಪಬಹುದು. ಆದ್ದರಿಂದ ಟೆಕ್ನಿಷಿಯನ್ ಹತ್ತಿರ ಜಗಳ ಬೇಡ.

ಕ್ಯಾಲ್ಸಿಯಂ, ಫಾಸ್ಫರಸ್, ಪಿಟಿಎಚ್ ರಿಪೋರ್ಟುಗಳನ್ನೂ ಮನೆಯಲ್ಲಿರುವ ಎಲ್ಲಾ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ಒಯ್ದು ಡಾಕ್ಟರನ್ನೇ ಕೇಳೋಣ: "ಇವರಿಗೆ ಎಷ್ಟು ಕ್ಯಾಲ್ಸಿಯಂ ಇರೋ ದ್ರಾವಣ ಹಾಕ್ತೀರಿ?" ಆ ಸದಸ್ಯೆ ಕೇಳಿ ಬಂದರು. ಅಂಗಡಿ ಮಾತ್ರೆ ನಿಂತಿದೆ. ಊಟದ ಮಾತ್ರೆ ಡಾಕ್ಟರು ಹೇಳಿದಂತೆ ನಡೆದಿದೆ.