ಮಾಯವಾದ ಶಾಯಿಯ ಬೆನ್ನುಹತ್ತಿ

ಪಾಶ್ಚಾತ್ಯ ತತ್ತ್ವಶಾಸ್ತ್ರದ ಆಧುನಿಕ ಘಟ್ಟವನ್ನು ಪಾಠ ಹೇಳುವಾಗ ಡೇಕಾರ್ಟ್‌ನಿಂದ ಹೊರಟು ಕಾಂಟ್‌ನಲ್ಲಿ ಮುಗಿಸುವುದು ಬಹುಕಾಲದ ವಾಡಿಕೆ. ನಡುವೆ ಸ್ಪಿನೋಜಾ, ಲೈಬ್ನಿಟ್ಸ್, ಲಾಕ್, ಬರ್ಕ್ಲಿ, ಹ್ಯೂಮ್ ಬರುತ್ತಾರೆ. ಏಳಕ್ಕೆ ಏಳೂ ಗಂಡಸರೇ. ಹಾಗಾದರೆ ಆ ಒಂದೂವರೆ ಶತಮಾನ ಯುರೋಪಿನ ಹೆಂಗಸರು ಯೋಚನೆಯನ್ನೇ ಮಾಡಲಿಲ್ಲವೆ? ಹಳೆಯ ಗ್ರಂಥಗಳನ್ನು ಕೆದಕಿ ಇದಕ್ಕೆ ಉತ್ತರ ಹುಡುಕಿದವರಲ್ಲಿ ಅಮೆರಿಕದ ವಿದ್ವಾಂಸೆ ಐಲೀನ್ ಓನೀಲ್ (1953–2017) ಪ್ರಮುಖರು.

1983ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಓನೀಲ್ ಮೊದಲು ಕೈಗೆತ್ತಿಕೊಂಡದ್ದು ಡೇಕಾರ್ಟ್‌ನನ್ನು. ಜಡವಲ್ಲದ ಮನಸ್ಸು ಜಡವಾದ ದೇಹವನ್ನು ಹೇಗೆ ಅಲುಗಿಸೀತು ಎಂಬುದು ಸಮಸ್ಯೆ. 1643ರ ಮೇ ತಿಂಗಳಲ್ಲಿ ಇದನ್ನೇ ಪತ್ರ ಬರೆದು ಡೇಕಾರ್ಟ್‌ನನ್ನು ಕೇಳಿದವಳು ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್. ಅವಳಿಗಾಗ 24 ವರ್ಷ. ಉತ್ತರ ಬಂತು, ಸಮಾಧಾನವಾಗಲಿಲ್ಲ, ಮತ್ತೆ ಕೇಳಿದಳು. ಆದರೂ ಬಹುಕಾಲ ಅವಳು ಡೇಕಾರ್ಟ್‌ನ ಪತ್ರ ಪಡೆದವಳಾಗಿ ಉಳಿದಳೇ ಹೊರತು ಪ್ರಶ್ನೆ ಹಾಕಿದವಳಾಗಿ ಅಲ್ಲ.

ಇಂಥವರ ಗತಿ ಏನಾಯಿತೆಂದು ಓನೀಲ್ 1998ರಲ್ಲಿ ಒಂದು ದೀರ್ಘ ಪ್ರಬಂಧ ಬರೆದರು. ‘ಮಾಯವಾಗುವ ಶಾಯಿ’ ಎಂಬುದು ಅದರ ಹೆಸರಿನ ಅರ್ಥ. ಈ ಹೆಂಗಸರು ತಮ್ಮ ಕಾಲದಲ್ಲಿ ಅಜ್ಞಾತರೇನೂ ಆಗಿರಲಿಲ್ಲ ಎಂಬುದು ಅವರು ತೋರಿಸಿಕೊಟ್ಟ ಮುಖ್ಯ ಸಂಗತಿ. ಅವರ ಪುಸ್ತಕಗಳು ಅಚ್ಚಾಗಿದ್ದವು, ಚರ್ಚೆಯಾಗಿದ್ದವು. ಇಂಗ್ಲೆಂಡಿನ ಆ್ಯನ್ ಕಾನ್‌ವೇಯನ್ನು ಲೈಬ್ನಿಟ್ಸ್ ಮೆಚ್ಚಿ ನೆನೆದಿದ್ದಾನೆ. 19ನೇ ಶತಮಾನದ ಹೊತ್ತಿಗೆ ಚರಿತ್ರೆಯ ಗ್ರಂಥಗಳಿಂದ ಇವರೆಲ್ಲ ಕಾಣೆ!

ಕಾರಣ ಒಂದೇ ಅಲ್ಲ. ಕಾನ್‌ವೇಯ ಕೃತಿ ಆಕೆ ತೀರಿಕೊಂಡ ಮೇಲೆ, 1690ರಲ್ಲಿ, ಹೆಸರಿಲ್ಲದೆ ಹೊರಬಂತು. ಡ್ಯಾಮರಿಸ್ ಮ್ಯಾಶಮ್ 1696ರಲ್ಲಿ ಹೆಸರು ಹಾಕದೆ ಪ್ರಕಟಿಸಿದ್ದನ್ನು ಲಾಕ್ ಬರೆದದ್ದೆಂದು ಕೆಲವರು ಭಾವಿಸಿದರು. ಲಾಕ್ ಆಕೆಯ ಮನೆಯಲ್ಲೇ ಇದ್ದವನು, ಪಾಪ, ಓದುಗರನ್ನೂ ಪೂರ್ತಿ ದೂರುವಂತಿಲ್ಲ. ಆದರೆ ದೊಡ್ಡ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ತತ್ತ್ವಶಾಸ್ತ್ರದ ಎಲ್ಲೆಯನ್ನೇ ಆಮೇಲಿನವರು ಹೊಸದಾಗಿ ಗೆರೆಯೆಳೆದು ಗೊತ್ತುಮಾಡಿದರು. ದೈವಪ್ರೇಮ, ಸ್ತ್ರೀಶಿಕ್ಷಣ ಮುಂತಾದ ವಿಷಯಗಳು ಆ ಗೆರೆಯ ಆಚೆ ಬಿದ್ದವು. ಅವುಗಳ ಜೊತೆಗೆ ಬರೆದವರೂ ಬಿದ್ದರು. ಹೆಂಗಸರೆಂದು ಹೆಸರು ಹೊಡೆದುಹಾಕಿದ್ದರೆ ಯಾರಾದರೂ ಜಗಳ ತೆಗೆಯಬಹುದಿತ್ತು. ಇದು ಕಣ್ಣಿಗೇ ಬೀಳದ ಕೆಲಸ.

ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆ್ಯಮ್‌ಹರ್ಸ್ಟ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಓನೀಲ್ ದೂರುತ್ತ ಕೂಡಲಿಲ್ಲ. ಮಾರ್ಗರೆಟ್ ಕ್ಯಾವೆಂಡಿಶ್ 1666ರಲ್ಲಿ ಪ್ರಾಯೋಗಿಕ ವಿಜ್ಞಾನವನ್ನು ಪ್ರಶ್ನಿಸಿ ಬರೆದಿದ್ದ ಗ್ರಂಥವನ್ನು ಸಂಪಾದಿಸಿದರು. ಕೇಂಬ್ರಿಡ್ಜ್ ಅದನ್ನು 2001ರಲ್ಲಿ ಪ್ರಕಟಿಸಿತು. ಮೂಲಪಾಠ ಕೈಗೆ ಸಿಗದಿದ್ದರೆ ಮೇಷ್ಟರು ಪಾಠ ಮಾಡುವುದಾದರೂ ಏನನ್ನು? ಕ್ಯಾವೆಂಡಿಶ್ ಮಾತ್ರ ತನ್ನ ಪುಸ್ತಕಗಳ ಮೇಲೆ ಧೈರ್ಯವಾಗಿ ಹೆಸರು ಹಾಕಿಕೊಂಡಿದ್ದಳು. ಆಕೆಯನ್ನೂ ಮರೆತಿದ್ದರು.

ಮಾರ್ಸಿ ಲಸ್ಕಾನೊ ಅವರೊಂದಿಗೆ ಓನೀಲ್ ಸಂಪಾದಿಸಿದ, ಇದೇ ಮಹಿಳೆಯರ ಚಿಂತನೆಯನ್ನು ಕುರಿತ ಪ್ರಬಂಧಗಳ ದೊಡ್ಡ ಸಂಪುಟ 2019ರಲ್ಲಿ ಹೊರಬಂತು. ಅದನ್ನು ನೋಡಲು ಓನೀಲ್ ಇರಲಿಲ್ಲ.